ಮನೆಗೆ ಮರಳಿದ ಯೋಧನ ಬದುಕನ್ನು ಬರೆದಿಡುವ ಬಗೆ

ಕಾಸರಗೋಡಿನ ನಮ್ಮ ಕಡೆ ಹಿರಿಯರು ತೀರಿಕೊಂಡರೆ ಉತ್ತರಕ್ರಿಯೆಯ ದಿನ ಊಟಕ್ಕೆ ಎಲೆ ಹಾಕುವ ಮೊದಲು ನುಡಿನಮನ ಸಲ್ಲಿಸುವ ರೂಢಿಯಿದೆ. ತೀರಿಕೊಂಡವರು ಮಿಲಿಟರಿಯಲ್ಲಿದ್ದವರಾದರೆ ಆ ಐದು ನಿಮಿಷದ ಮಾತು ಹೆಚ್ಚಿನ ಮನೆಗಳಲ್ಲಿ ಒಂದೇ ಅಚ್ಚಿನಲ್ಲಿರುತ್ತದೆ: ದೇಶಸೇವೆ ಮಾಡಿದರು, ಶಿಸ್ತಿನ ಸಿಪಾಯಿಯಾಗಿದ್ದರು, ನಿವೃತ್ತಿಯ ನಂತರ ಆದರ್ಶ ಗೃಹಸ್ಥರಾಗಿ ಬಾಳಿದರು. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಅದೇ ಕಾಗದವನ್ನು ಮುಂದಿನ ತಿಂಗಳು ಇನ್ನೊಂದು ಮನೆಯ ಚಪ್ಪರದಡಿಯಲ್ಲಿ ಓದಬಹುದು. ನಮ್ಮ ನಡುವೆ ಬದುಕಿದ್ದ ಮನುಷ್ಯ ಆ ಮಾತಿನಲ್ಲಿ ಎಲ್ಲಿಯೂ ಸಿಗುವುದಿಲ್ಲ.

ನನ್ನ ಸೋದರಮಾವ 1963ರಲ್ಲಿ, ಚೀನಾ ಯುದ್ಧದ ಬೆನ್ನಿಗೆ ಸೈನ್ಯವು ದೊಡ್ಡ ಸಂಖ್ಯೆಯಲ್ಲಿ ಜನರನ್ನು ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ, ಅಂದರೆ ಸೇತುವೆ, ದಾರಿ ಕಟ್ಟುವ, ನೆಲಬಾಂಬು ತೆಗೆಯುವ ಸೈನ್ಯದ ಎಂಜಿನಿಯರ್ ದಳಕ್ಕೆ, ಭರ್ತಿಯಾದರು. 1980ರಲ್ಲಿ ಹವಿಲ್ದಾರರಾಗಿ ಪಿಂಚಣಿ ಪಡೆದು ಬದಿಯಡ್ಕದ ಆಚೆಗಿರುವ ಮನೆಗೆ ಮರಳಿದ ಅವರು, ಮುಂದೆ ಸುಮಾರು ನಲವತ್ತು ವರ್ಷ ಅಡಿಕೆ ತೋಟ ನೋಡಿಕೊಂಡು ಮೂವರು ಮಕ್ಕಳನ್ನು ದಡ ಸೇರಿಸಿದರು. ಅವರ ವರ್ಷಾಂತಿಕದ ಹೊತ್ತಿಗೆ ಒಂದು ಚಿಕ್ಕ ಪುಸ್ತಕ ಮಾಡಬೇಕೆಂದು ಮನೆಯವರು ನನಗೆ ಒಪ್ಪಿಸಿದ ಕೆಲಸದಿಂದ ಕಲಿತದ್ದನ್ನೂ, ಆಮೇಲೆ ಇನ್ನೆರಡು ಕುಟುಂಬಗಳಿಗೆ ನೆರವಾದಾಗ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸ್ಪಷ್ಟವಾದ ಮಾತು ಒಂದೇ: ಸೈನ್ಯದ ಬದುಕನ್ನು ಒಂದು ಅಧ್ಯಾಯವಾಗಿಯೂ ಸಂಸಾರವನ್ನು ಇನ್ನೊಂದು ಅಧ್ಯಾಯವಾಗಿಯೂ ಬರೆಯಬಾರದು. ಆತ ಅಲ್ಲಿದ್ದಾಗ ಇಲ್ಲಿ ಮನೆ ನಡೆಯುತ್ತಿತ್ತು. ಆ ಎರಡನ್ನೂ ಒಂದೇ ತಿಂಗಳಲ್ಲಿ, ಎದುರುಬದುರಾಗಿ ನೋಡಿದಾಗಲೇ ಇಡೀ ಮನುಷ್ಯ ಕಾಣಿಸುತ್ತಾನೆ.

ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರುಗಳಿವೆ. ಅದು ಹಾಗೆಯೇ ಇರಬೇಕು. ಜೀವಂತ ಮರಳಿ, ತೋಟಕ್ಕೆ ನೀರು ಬಿಟ್ಟು, ಮಗಳ ಮದುವೆ ಮಾಡಿ, ವಯಸ್ಸಾಗಿ ತೀರಿಕೊಂಡವರಿಗೆ ಅಂಥ ಕಲ್ಲಿಲ್ಲ. ಅವರ ದಾಖಲೆ ಇರುವುದು ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಮತ್ತು ಜೊತೆಗೆ ಬಾಳಿದವರ ನೆನಪಿನಲ್ಲಿ. ನಮ್ಮ ಮಳೆಗೆ ಟ್ರಂಕು ತುಕ್ಕು ಹಿಡಿಯುತ್ತದೆ, ನೆನಪಿಗೂ ವಯಸ್ಸಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಮುಂದೂಡಬೇಡಿ. ಹಿರಿಯರು ಇನ್ನೂ ಇದ್ದರೆ ಇವತ್ತೇ ಆರಂಭಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಟ್ರಂಕಿನಲ್ಲಿ ಸಿಗುವುದು

ಮೊದಲು ಟ್ರಂಕನ್ನೇ ನೋಡಿ. ಕಪ್ಪು ಬಣ್ಣದ ಆ ತಗಡಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಸಂಖ್ಯೆ, ಹುದ್ದೆ, ಹೆಸರು ಬರೆದಿರುತ್ತದೆ. ಬಡ್ತಿಯಾದಾಗ ಹುದ್ದೆಯ ಮೇಲೆ ಕಪ್ಪು ಬಳಿದು ಹೊಸದನ್ನು ಬರೆಯುತ್ತಿದ್ದುದರಿಂದ, ಬೆಳಕನ್ನು ಓರೆಯಾಗಿ ಬಿಟ್ಟರೆ ಹಳೆಯ ಅಕ್ಷರಗಳ ಉಬ್ಬು ಕಾಣಿಸುವುದುಂಟು. ಮಾವನ ಟ್ರಂಕಿನಲ್ಲಿ ‘ಹವಿಲ್ದಾರ್’ ಪದದ ಅಡಿಯಲ್ಲಿ ‘ನಾಯಕ್’ ಇತ್ತು. ಒಳಗಿನದನ್ನು ಹೊರತೆಗೆಯುವ ಮೊದಲು, ಯಾವುದು ಯಾವುದರ ಮೇಲೆ ಇತ್ತು ಎಂಬುದು ತಿಳಿಯುವಂತೆ ಪದರ ಪದರವಾಗಿ ಫೋಟೋ ತೆಗೆದುಕೊಳ್ಳಿ. ಯಾವ ಪತ್ರವನ್ನು ಯಾವ ಬಟ್ಟೆಯೊಳಗೆ ಮಡಚಿಟ್ಟಿದ್ದರು ಎಂಬುದೂ ಒಂದು ಮಾಹಿತಿಯೇ.

ಕಾಗದಗಳ ಪೈಕಿ ಬಹಳ ಮುಖ್ಯವಾದುದು ಡಿಸ್ಚಾರ್ಜ್ ಪುಸ್ತಕ. ಸೇರಿದ ದಿನ, ಬಿಟ್ಟ ದಿನ, ಕೊನೆಯ ಹುದ್ದೆ, ಮಾಡಿದ ಕೆಲಸ, ಪಡೆದ ಪದಕ ಇವೆಲ್ಲ ಅದರಲ್ಲಿ ಸಿಗುತ್ತವೆ. ಅದರ ಜೊತೆಗೆ ಪಿಂಚಣಿ ಆದೇಶವಾದ ಪಿ.ಪಿ.ಒ. ಮತ್ತು ಮಾಜಿ ಸೈನಿಕರ ಗುರುತು ಚೀಟಿ ಇರಬೇಕು. ಡಿಸ್ಚಾರ್ಜ್ ಪುಸ್ತಕ ಕಳೆದುಹೋಗಿದ್ದರೆ, ಸೈನಿಕ ಸಂಖ್ಯೆ, ಹುದ್ದೆ, ಹೆಸರು, ಸೇರಿದ ವರ್ಷ ಇಷ್ಟನ್ನು ಬರೆದು ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಅರ್ಜಿ ಹಾಕಬಹುದು. ಮದ್ರಾಸ್ ಸ್ಯಾಪರ್ಸ್‌ನವರ ಕೇಂದ್ರ ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ. ಕುಟುಂಬ ಪಿಂಚಣಿ ಪಡೆಯುತ್ತಿರುವ ಪತ್ನಿಯ ಸಹಿಯಿಂದಲೇ ಅರ್ಜಿ ಹೋಗುವುದು ಒಳ್ಳೆಯದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಇದಕ್ಕೆ ಮಾರ್ಗದರ್ಶನ ಸಿಗುತ್ತದೆ.

ನಮ್ಮ ಕಡೆಯವರು ಇಲ್ಲಿ ಒಂದು ತೊಡಕನ್ನು ಎದುರಿಸಲೇಬೇಕು. ಒಂದೇ ಮನೆ, ಒಂದೇ ಅಂಗಳ. ಆದರೆ ಹಳೆಯ ಕಾಗದದಲ್ಲಿ ಅದು ಮದ್ರಾಸ್ ಸಂಸ್ಥಾನದ ದಕ್ಷಿಣ ಕನ್ನಡ ಜಿಲ್ಲೆ, 1957ರ ನಂತರದ ಕಾಗದದಲ್ಲಿ ಕೇರಳದ ಕಣ್ಣೂರು ಜಿಲ್ಲೆ, 1984ರ ಮೇ 24ರ ಬಳಿಕ ಕಾಸರಗೋಡು ಜಿಲ್ಲೆ. ಊರ ಹೆಸರೂ ಗುಮಾಸ್ತರ ಕಿವಿಗೆ ಬಿದ್ದಂತೆ ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ವಿಳಾಸ ಹೊಂದುವುದಿಲ್ಲವೆಂದು ಯಾವ ದಾಖಲೆಯನ್ನೂ ಬದಿಗಿಡಬೇಡಿ; ಸೈನಿಕ ಸಂಖ್ಯೆ ಹೊಂದುತ್ತದೆಯೋ ನೋಡಿ. ಜನ್ಮದಿನಾಂಕದ ವಿಷಯವೂ ಹಾಗೆಯೇ. ಭರ್ತಿಯ ದಿನ ಬರೆಸಿದ ತಾರೀಕಿಗೂ ಜಾತಕದ ತಾರೀಕಿಗೂ ಒಂದೆರಡು ವರ್ಷದ ಅಂತರವಿದ್ದರೆ, ಎರಡನ್ನೂ ಬರೆದು ಯಾವುದು ಎಲ್ಲಿಂದ ಬಂತೆಂದು ತಿಳಿಸಿ. ಮದುವೆ ಮತ್ತು ಮಕ್ಕಳ ಜನನ ಮಾತ್ರ ಸೈನ್ಯದ ದಾಖಲೆಯಲ್ಲಿ ತಾರೀಕು ಸಹಿತ ಬರೆಸಲ್ಪಡುತ್ತಿತ್ತಾದ್ದರಿಂದ, ಮನೆಯವರು ಮರೆತದ್ದು ಅಲ್ಲಿ ಸಿಗುವುದುಂಟು.

ಪದಕಗಳನ್ನು ದಯವಿಟ್ಟು ಹುಣಸೆಹುಳಿ ಹಚ್ಚಿ ತಿಕ್ಕಬೇಡಿ. ದೇವರ ದೀಪ ಬೆಳಗುವ ಕೈಗೆ ಅದು ಸಹಜವಾಗಿ ಬರುತ್ತದೆ. ಆದರೆ ಈ ಪದಕಗಳಲ್ಲಿ ಹೆಚ್ಚಿನವು ತಾಮ್ರ ಮತ್ತು ನಿಕ್ಕಲ್ ಬೆರೆತ ಲೋಹದವು, ಅವುಗಳ ಅಂಚಿನಲ್ಲಿಯೋ ಹಿಂಬದಿಯಲ್ಲಿಯೋ ಕೊರೆದ ಸಂಖ್ಯೆ ಮತ್ತು ಹೆಸರು ತಿಕ್ಕಿದಷ್ಟೂ ಸವೆಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ರಿಬ್ಬನ್ ಬಿಚ್ಚದೆ, ಎರಡೂ ಬದಿಯ ಫೋಟೋ ತೆಗೆದರೆ ಸಾಕು. ಫೋಟೋಗಳಿಗೂ ಪತ್ರಗಳಿಗೂ ಲ್ಯಾಮಿನೇಶನ್ ಮಾಡಿಸಬೇಡಿ. ಕಾಪಾಡುವ ಉತ್ಸಾಹದಲ್ಲಿ ನಾವು ಮಾವನ ಮದುವೆಯ ಫೋಟೋಗೆ ಹಾಗೆ ಮಾಡಿಸಿದೆವು. ಒಳಗೆ ಉಳಿದ ತೇವದಿಂದ ಎರಡು ಮಳೆಗಾಲದೊಳಗೆ ಅತ್ತೆಯ ಮುಖದ ಮೇಲೆ ಕಂದು ಕಲೆ ಹರಡಿತು, ಪ್ಲಾಸ್ಟಿಕ್ಕನ್ನು ಬಿಡಿಸುವ ದಾರಿ ಇರಲಿಲ್ಲ. ಈಗ ಎಲ್ಲವನ್ನೂ ಬೇಸಿಗೆಯ ಒಣ ದಿನ ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದು, ಮೂಲವನ್ನು ಬಿಳಿ ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಹೊರಗೆ ಪೆನ್ಸಿಲಿನಿಂದ ವಿವರ ಬರೆಯುತ್ತೇನೆ.

ಪದಕ ಮಾತಾಡುವುದನ್ನು ಕೇಳಿಸಿಕೊಳ್ಳಲು ಕಲಿಯಬೇಕು. ಮಾವ 1971ರಲ್ಲಿ ಬಾಂಗ್ಲಾ ಯುದ್ಧಕ್ಕೆ ಹೋಗಿದ್ದರು ಎಂದು ನಮ್ಮ ಮನೆಯಲ್ಲಿ ಐವತ್ತು ವರ್ಷ ಹೇಳಿಕೊಂಡು ಬಂದಿದ್ದೆವು. ಢಾಕಾದ ಕಥೆಯನ್ನೂ ಯಾರೋ ಸೇರಿಸಿದ್ದರು. ಟ್ರಂಕಿನಲ್ಲಿ ಸಿಕ್ಕಿದ್ದು ಪಶ್ಚಿಮಿ ಸ್ಟಾರ್. ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟದ್ದು ಪೂರ್ವಿ ಸ್ಟಾರ್. ಪಶ್ಚಿಮಿ ಸ್ಟಾರ್ ಪಶ್ಚಿಮದ ಗಡಿಯಲ್ಲಿದ್ದವರದು. ಆ ಕಾಲದ ಇನ್‌ಲ್ಯಾಂಡ್ ಪತ್ರಗಳಲ್ಲಿದ್ದ ವಿಳಾಸವೂ 56 ಎ.ಪಿ.ಒ. (ಸೈನ್ಯದ ಅಂಚೆ ಕಚೇರಿ) ಆಗಿತ್ತು, ಪೂರ್ವದ ಕಡೆಗೆ ಸಾಮಾನ್ಯವಾಗಿ 99 ಎ.ಪಿ.ಒ. ಎಂದು ಬರೆಯುತ್ತಿದ್ದರು. ಅಂದರೆ ಅವರು ಢಾಕಾವನ್ನು ಕಂಡಿರಲಿಲ್ಲ. ಅವರೂ ಎಂದೂ ಹಾಗೆ ಹೇಳಿರಲಿಲ್ಲ, ಹೇಳಿದ್ದು ನಾವು. ಹೀಗೆಯೇ 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ, 1971ರ ಸಂಗ್ರಾಮ ಪದಕ, ಜಮ್ಮು-ಕಾಶ್ಮೀರ ಅಥವಾ ಹಿಮಾಲಯ ಎಂದು ಬರೆದ ಲೋಹದ ಪಟ್ಟಿಯಿರುವ ಸೈನ್ಯ ಸೇವಾ ಪದಕ, ಶ್ರೀಲಂಕಾ ಎಂಬ ಪಟ್ಟಿಯಿರುವ ವಿಶೇಷ ಸೇವಾ ಪದಕ, ಇವು ಒಬ್ಬ ಯೋಧ ಯಾವಾಗ ಸೇವೆಯಲ್ಲಿದ್ದ, ಎಲ್ಲಿದ್ದ ಎಂಬುದನ್ನು ಹೇಳುವ ಸಾಕ್ಷಿಗಳು. ಇವು ಶೌರ್ಯ ಪ್ರಶಸ್ತಿಗಳಲ್ಲ, ಹಾಗೆಂದು ಬರೆಯಬೇಡಿ. ಆತ ಅಲ್ಲಿದ್ದ ಎಂಬುದೇ ಸಾಕಷ್ಟು ದೊಡ್ಡ ಮಾತು.

ಎದುರುಬದುರು ಪುಟಗಳ ಪುಸ್ತಕ

ಇನ್ನೂರು ಪುಟದ ಒಂದು ನೋಟುಪುಸ್ತಕ ತಂದು, ತೆರೆದಾಗ ಎಡಕ್ಕೆ ಬರುವ ಪುಟವನ್ನು ಸೈನ್ಯಕ್ಕೂ ಬಲಕ್ಕೆ ಬರುವ ಪುಟವನ್ನು ಮನೆಗೂ ಮೀಸಲಿಡಿ. ಒಂದು ಜೋಡಿ ಪುಟಕ್ಕೆ ಒಂದು ವರ್ಷ. ಎಡಪುಟದಲ್ಲಿ ಆತ ಇದ್ದ ಊರು, ಕೆಲಸ, ಬಡ್ತಿ. ಬಲಪುಟದಲ್ಲಿ ಅದೇ ವರ್ಷ ಮನೆಯಲ್ಲಿ ಯಾರು ಹುಟ್ಟಿದರು, ಯಾರು ತೀರಿಕೊಂಡರು, ಅಡಿಕೆಗೆ ಕೊಳೆರೋಗ ಬಂತೇ, ಮಾಡಿಗೆ ಹುಲ್ಲು ತೆಗೆದು ಹಂಚು ಹೊದಿಸಿದ್ದು ಆಗಲೋ. ಖಾಲಿ ಉಳಿದ ಪುಟಗಳು ನೀವು ಮುಂದೆ ಏನು ಕೇಳಬೇಕೆಂಬುದನ್ನು ತಾವೇ ತೋರಿಸುತ್ತವೆ.

ನಮ್ಮ ಹಿರಿಯರು ಇಸವಿಯಲ್ಲಿ ನೆನಪಿಟ್ಟುಕೊಂಡವರಲ್ಲ. “ಯಾವ ವರ್ಷ ರಜೆಯಲ್ಲಿ ಬಂದರು?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. “ಅವರು ಬಂದದ್ದು ಪತ್ತನಾಜೆಗೆ ಮೊದಲೋ ಆಮೇಲೋ? ಆ ಸಲ ತರವಾಡಿನ ಕೋಲಕ್ಕೆ ಇದ್ದರೋ? ಬಿಸುಕಣಿ ನೋಡಿ ಹೊರಟರೋ? ಆಗ ದೊಡ್ಡವನು ನಡೆಯುತ್ತಿದ್ದನೋ, ಅಂಬೆಗಾಲೋ?” ಎಂದು ಕೇಳಿದರೆ ತಿಂಗಳು ತಾನಾಗಿ ಸಿಗುತ್ತದೆ. ಪತ್ತನಾಜೆ ಎಂದರೆ ಮೇ ಕೊನೆಯಲ್ಲಿ ಭೂತಕೋಲಗಳ ಕಾಲ ಮುಗಿಯುವ ದಿನ, ತರವಾಡು ಕುಟುಂಬದ ಮೂಲಮನೆ, ಬಿಸುಕಣಿ ಏಪ್ರಿಲ್ ನಡುವಿನ ವಿಷು ಹಬ್ಬದ ಬೆಳಗಿನ ಕಣಿ. ಪ್ರಯಾಣದ ಬಗ್ಗೆ ಮರೆಯದೆ ಕೇಳಿ. ಕೊಂಕಣ ರೈಲು ದಾರಿ ಪೂರ್ತಿಯಾಗಿ ತೆರೆದುಕೊಂಡದ್ದು 1998ರಲ್ಲಿ; ಅದಕ್ಕೆ ಮೊದಲು ಕಾಸರಗೋಡಿನಿಂದ ಪಠಾಣ್‌ಕೋಟಿಗೆ ಹೊರಟವನು ಉತ್ತರಕ್ಕೆ ಹೋಗಬೇಕಾದರೂ ಮೊದಲು ತೆಂಕಕ್ಕೆ ಶೊರ್ನೂರಿಗೆ ಇಳಿದು, ಪಾಲಕ್ಕಾಡು, ಕೊಯಮತ್ತೂರು ದಾಟಿ ಮದ್ರಾಸಿಗೆ, ಅಲ್ಲಿಂದ ದೆಹಲಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಹೋಗಬೇಕಿತ್ತು. ಕಾಯುವುದೂ ಸೇರಿ ನಾಲ್ಕು ದಿನವಾದರೂ ಬೇಕು. ಎರಡು ತಿಂಗಳ ರಜೆಯಲ್ಲಿ ಎಂಟು ದಿನ ರೈಲಿಗೆ ಹೋಗುತ್ತಿತ್ತು ಎಂಬ ಒಂದು ವಾಕ್ಯ, ಮಕ್ಕಳೊಡನೆ ಕಳೆದ ಉಳಿದ ದಿನಗಳಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಬೇರೆ ಯಾವ ವರ್ಣನೆಯೂ ಇಲ್ಲದೆ ತಿಳಿಸುತ್ತದೆ.

ನಮಗೆ ಬಲಪುಟಗಳನ್ನು ತುಂಬಿಸಿಕೊಟ್ಟದ್ದು ಮನಿಯಾರ್ಡರ್ ಕೂಪನ್ನುಗಳು. ಹಣದ ಜೊತೆಗೆ ಬರುವ ಆ ಬೆರಳಗಲದ ಚೀಟಿಯಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ಅತ್ತೆಗೆ ಓದು ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ಪತ್ರಗಳನ್ನು ನನ್ನ ತಾಯಿ ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು. ಹೀಗಾಗಿ ಪತ್ರಗಳಲ್ಲಿ ಎಲ್ಲರಿಗೂ ನಮಸ್ಕಾರ, ಎಲ್ಲರ ಕ್ಷೇಮದ ವಿಚಾರಣೆ ಇಷ್ಟೇ ಇತ್ತು. ಕೂಪನ್ನುಗಳನ್ನು ಮಾತ್ರ ಅತ್ತೆ ಯಾರಿಗೂ ಕೊಡದೆ, ಅಕ್ಷರ ಕೂಡಿಸಿ ಕೂಡಿಸಿ ತಾವೇ ಓದುತ್ತಿದ್ದರಂತೆ. ಕಾಗದ ಚುಚ್ಚುವ ತಂತಿಯಲ್ಲಿ ಅವು ಹದಿನೇಳು ವರ್ಷದಷ್ಟು ಉಳಿದಿದ್ದವು. “ಅಡಿಕೆಗೆ ಮದ್ದು ಬಿಡಿಸು, ಎರಡನೆಯ ಸಲ ತಡಮಾಡಬೇಡ.” “ದೊಡ್ಡವನಿಗೆ ಚಪ್ಪಲಿ, ಒಂದು ಬೆರಳು ಉದ್ದ ತೆಗೆ.” “ನಿನ್ನ ಕೆಮ್ಮು ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ಬರೆಸು.” ಅಂಚೆಯ ಮುದ್ರೆಯ ತಾರೀಕನ್ನು ನೋಡಿ ಇವನ್ನು ಜೋಡಿಸಿದಾಗ, ಎರಡು ಸಾವಿರ ಮೈಲು ದೂರದಿಂದ ಒಬ್ಬ ಮನುಷ್ಯ ಹೇಗೆ ಸಂಸಾರ ನಡೆಸಿದ ಎಂಬುದಕ್ಕೆ ನಾನು ಒಂದು ಮಾತನ್ನೂ ಸೇರಿಸಬೇಕಾಗಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ಚೀಟಿ, ರೇಷನ್ ಪುಸ್ತಕದ ಹಿಂಬದಿಯ ಲೆಕ್ಕ, ಪಂಚಾಂಗದ ಅಂಚಿನ ಗುರುತು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಓದಿ.

ಕೇಳುವ ರೀತಿ, ಕೇಳದೆ ಬಿಡುವ ರೀತಿ

ಪತ್ನಿಯನ್ನು ಮೊದಲು ಕೇಳಿ, ಆಮೇಲೆ ಮಕ್ಕಳನ್ನು, ಕೊನೆಗೆ ಜೊತೆಯ ಸೈನಿಕರನ್ನು. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ದೊಡ್ಡ ಗಂಟಲಿನವರ ಕಥೆಯೇ ಎಲ್ಲರ ಕಥೆಯಾಗುತ್ತದೆ. ಅಡಿಕೆ ಸುಲಿಯುವಾಗ, ಹಲಸಿನ ಸೊಳೆ ಬಿಡಿಸುವಾಗ, ಕೈ ಕೆಲಸದಲ್ಲಿರುವಾಗ ಕೇಳಿದರೆ ಮಾತು ಸುಲಭವಾಗಿ ಬರುತ್ತದೆ. ಅತ್ತೆ ತುಳುವಿನಲ್ಲಿ ಹೇಳಿದ್ದನ್ನು ನಾನು ತುಳುವಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ರಜೆ ಮುಗಿಸಿ ಹೊರಡುವಾಗ ಮಾವ ಪ್ರತಿ ಸಲವೂ ಹೇಳುತ್ತಿದ್ದುದು “ಪೋದು ಬರ್ಪೆ” ಎಂಬ ಎರಡೇ ಪದ. ಅದನ್ನು “ಹೋಗಿ ಬರುತ್ತೇನೆ” ಎಂದು ಬರೆದರೆ ಅರ್ಥ ಸಿಗುತ್ತದೆ, ಅವರ ದನಿ ಸಿಗುವುದಿಲ್ಲ. ಹಾಗೆಯೇ ಸೈನ್ಯದಿಂದ ಮನೆಗೆ ಬಂದ ಮಾತುಗಳನ್ನೂ ಬಿಡಬೇಡಿ. ತೋಟದ ಆಳುಗಳ ಊಟಕ್ಕೆ ಅವರು ಕೊನೆಯವರೆಗೂ ‘ಲಂಗರ್’ ಎನ್ನುತ್ತಿದ್ದರು, ಹಬ್ಬದ ಊಟಕ್ಕೆ ‘ಬಡಾ ಖಾನಾ’. ಸ್ಯಾಪರ್ಸ್‌ನವರನ್ನು ಸೈನ್ಯದಲ್ಲಿ ‘ತಂಬಿ’ಗಳೆಂದು (ತಮಿಳಿನಲ್ಲಿ ತಮ್ಮ ಎಂದರ್ಥ) ಕರೆಯುವುದರಿಂದ, ಹಳೆಯ ಗೆಳೆಯರು ಮನೆಗೆ ಬಂದಾಗ ಎಪ್ಪತ್ತು ದಾಟಿದವರೂ ಒಬ್ಬರನ್ನೊಬ್ಬರು ತಂಬಿ ಎಂದೇ ಕರೆದುಕೊಳ್ಳುತ್ತಿದ್ದರು.

ಯುದ್ಧದ ಬಗ್ಗೆ ಆತ ಮಾತಾಡಿರದಿದ್ದರೆ, ಮಾತಾಡಲಿಲ್ಲ ಎಂದೇ ಬರೆಯಿರಿ. ಆ ಮೌನವನ್ನು ಕಲ್ಪನೆಯ ಸಾಹಸಗಳಿಂದ ತುಂಬಿಸುವುದು ನನ್ನ ದೃಷ್ಟಿಯಲ್ಲಿ ಈ ಕೆಲಸದಲ್ಲಿ ಮಾಡಬಹುದಾದ ದೊಡ್ಡ ತಪ್ಪು. ಮಾವ ಮೈನು (ನೆಲಬಾಂಬು) ಹುದುಗಿಸುವ, ತೆಗೆಯುವ ಕೆಲಸ ಮಾಡಿದ್ದರೆಂಬುದು ಕಾಗದದಲ್ಲಿದೆ. ಮನೆಯಲ್ಲಿ ನಮಗೆ ಗೊತ್ತಿದ್ದುದು ಇಷ್ಟೇ: ತೋಟದಲ್ಲಿ ನೆಲ ಅಗೆಯುವಾಗ ಹಾರೆಯನ್ನು ಬೀಸಿ ಹೊಡೆಯಲು ಯಾರಿಗೂ ಬಿಡುತ್ತಿರಲಿಲ್ಲ, ದೀಪಾವಳಿಯ ರಾತ್ರಿ ಮಕ್ಕಳು ಪಟಾಕಿ ಹಚ್ಚುವಾಗ ಹಿತ್ತಿಲಿನ ಕಡೆ ಹೋಗಿ ನಿಲ್ಲುತ್ತಿದ್ದರು. ಇವೆರಡನ್ನು ಒಂದರ ಪಕ್ಕದಲ್ಲೊಂದು ಬರೆದು ಸುಮ್ಮನಾದೆ. ಸಿಟ್ಟು, ಕುಡಿತ, ಮಕ್ಕಳೊಡನೆ ಬಿಗುಮಾನ ಇವು ಇದ್ದ ಮನೆಗಳೂ ಇವೆ. ಪತ್ನಿ ಮತ್ತು ಮಕ್ಕಳು ಒಪ್ಪಿದಷ್ಟನ್ನು, ಅವರು ಒಪ್ಪಿದ ಮಾತಿನಲ್ಲಿ ಬರೆಯಿರಿ. ಬರೆಯದೆ ಬಿಟ್ಟ ಜಾಗದಲ್ಲಿ ಅದರ ವಿರುದ್ಧವಾದ ಹೊಗಳಿಕೆಯನ್ನು ಮಾತ್ರ ತುಂಬಬೇಡಿ, ಏಕೆಂದರೆ ಮನೆಯವರಿಗೆ ಅದು ನೋವು ಕೊಡುತ್ತದೆ.

ಬರವಣಿಗೆ

ಒಂದು ಗುಣವನ್ನು ಹೇಳುವ ಪದ ಬಂದಾಗಲೆಲ್ಲ ಅದನ್ನು ಅಳಿಸಿ, ಆ ಗುಣ ಕಂಡ ಒಂದು ಕೆಲಸವನ್ನು ಬರೆಯಿರಿ. “ನಿವೃತ್ತಿಯ ನಂತರವೂ ಶಿಸ್ತಿನಿಂದ ಬಾಳಿದರು” ಎಂದು ನಾನು ಮೊದಲು ಬರೆದಿದ್ದೆ. ಅದರ ಬದಲು ಈಗ ಪುಸ್ತಕದಲ್ಲಿರುವುದು ಹೀಗಿದೆ: “1983ರ ಬೇಸಿಗೆಯಲ್ಲಿ ಮನೆಯ ಹಿಂದಿನ ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಅಡ್ಡ ಸುರಂಗ ಕೊರೆಸಲು ಆರಂಭಿಸಿದರು. ಅಗೆಯುವವರ ಜೊತೆ ತಾವೂ ಮೊಂಬತ್ತಿ ಹಿಡಿದು ಒಳಗೆ ಹೋಗುತ್ತಿದ್ದರು. ಪ್ರತಿ ಸಂಜೆ ಎಷ್ಟು ಕೋಲು ಉದ್ದ ಆಯಿತು, ಮಣ್ಣು ಯಾವ ಬಣ್ಣ, ಗೋಡೆ ಬೆವರಿದೆಯೇ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟರು. ನೀರು ಸಿಕ್ಕಿದ ದಿನ ಬರೆದದ್ದು ‘ನೀರು, ಕಿರುಬೆರಳು ದಪ್ಪ’ ಎಂದು ಮಾತ್ರ.” ನಮ್ಮ ನೆಲದ ಸುರಂಗವನ್ನೂ ಸ್ಯಾಪರನ ಕೈಯನ್ನೂ ಬಲ್ಲ ಓದುಗನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಪತ್ರಿಕೆಯ ನಿಧನ ವಾರ್ತೆಗೆ ನೂರು ಪದ ಸಾಕು. ಅದರಲ್ಲಿ ಹೆಸರು, ವಯಸ್ಸು, ಊರು, ಸೈನ್ಯದ ವಿಭಾಗ, ಹುದ್ದೆ, ಅಗಲಿದವರ ಬಳಗ ಇಷ್ಟೇ ಇರಲಿ. ನುಡಿನಮನಕ್ಕೆ ಐನೂರು ಪದ, ಅಂದರೆ ನಿಧಾನವಾಗಿ ಓದಿದರೆ ಐದು ನಿಮಿಷ. ಇಡೀ ಜೀವನವನ್ನು ಓಡಿಸದೆ ಮೂರು ದೃಶ್ಯಗಳನ್ನು ಆರಿಸಿಕೊಳ್ಳಿ, ಅವುಗಳಲ್ಲಿ ಒಂದಾದರೂ ಪತ್ನಿ ಹೇಳಿದ್ದಾಗಿರಲಿ. ಪುಸ್ತಕವಾದರೆ ಅಚ್ಚಿನ ಲೆಕ್ಕಕ್ಕೆ ಹೊಂದುವಂತೆ 16 ಅಥವಾ 32 ಪುಟ ಮಾಡುವುದು ವಾಡಿಕೆ. ಬಿಡುಗಡೆಗೆ ವರ್ಷಾಂತಿಕವೇ ಆಗಬೇಕೆಂದಿಲ್ಲ. ಜನವರಿ 14 ಮಾಜಿ ಸೈನಿಕರ ದಿನ, ನಮ್ಮ ನೆರೆಯ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇವೆಯಿಂದ ನಿವೃತ್ತರಾದ ದಿನ.

ಹುದ್ದೆಯ ಹೆಸರನ್ನು ದಾಖಲೆಯಲ್ಲಿರುವಂತೆ ಬರೆಯಿರಿ. ಹಳೆಯ ಕಾಗದದ ‘ಜಮಾದಾರ್’ ಎಂದರೆ ಈಗಿನ ನಾಯಬ್ ಸುಬೇದಾರ್. ಅದನ್ನು ಓದುಗರಿಗೆ ತಿಳಿಸಿ. ಪ್ರೀತಿಯಿಂದಾದರೂ ಹವಿಲ್ದಾರರನ್ನು ಸುಬೇದಾರರನ್ನಾಗಿ ಮಾಡಬೇಡಿ. ಪಿಂಚಣಿ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಕಾಣುವ ದಾಖಲೆಯ ಚಿತ್ರವನ್ನು ಅಚ್ಚು ಹಾಕಬೇಡಿ, ವಾಟ್ಸಾಪಿನಲ್ಲಿಯೂ ಹಂಚಬೇಡಿ. ಒಂಟಿಯಾಗಿರುವ ಪತ್ನಿಯನ್ನು ವಂಚಿಸಲು ಅಷ್ಟೇ ಸಾಕಾಗುತ್ತದೆ. ಮುಖಪುಟಕ್ಕೆ ರಾಷ್ಟ್ರಧ್ವಜ ಹಾಕಿ ಅದರ ಮೇಲೆ ಹೆಸರು ಬರೆಯುವ ಆಸೆ ಹಲವರಿಗೆ ಇರುತ್ತದೆ. ಧ್ವಜದ ಮೇಲೆ ಯಾವುದೇ ಬರಹ ಇರಕೂಡದೆಂಬುದು ಧ್ವಜ ಸಂಹಿತೆಯ ನಿಯಮ. ಆತನ ಫೋಟೋ, ಅಥವಾ ಆ ಟ್ರಂಕಿನ ಮುಚ್ಚಳ ಇದಕ್ಕಿಂತ ಒಳ್ಳೆಯ ಮುಖಪುಟ. ಮೊಮ್ಮಕ್ಕಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಿದ್ದರೆ ಕೊನೆಯ ಎರಡು ಪುಟಗಳಲ್ಲಿ ಅವರ ಭಾಷೆಯಲ್ಲಿ ಸಾರಾಂಶ ಕೊಡಿ. ಮೂಲ ಮಾತ್ರ ಆತ ಕೂಪನ್ನಿನಲ್ಲಿ ಬರೆದ ಭಾಷೆಯಲ್ಲೇ ಇರಲಿ.

ಅಚ್ಚಿಗೆ ಕಳುಹಿಸುವ ಮೊದಲು ಪೂರ್ತಿ ಬರಹವನ್ನು ಪತ್ನಿಗೆ, ಅವರಿಲ್ಲದಿದ್ದರೆ ಹಿರಿಯ ಮಗಳಿಗೆ, ಗಟ್ಟಿಯಾಗಿ ಓದಿ ಹೇಳಿ. ನಾನು ಜಗಲಿಯಲ್ಲಿ ಕುಳಿತು ಎರಡು ಸಂಜೆ ಓದಿದೆ. ಅತ್ತೆ ವೀಳ್ಯದೆಲೆಯ ನಾರು ತೆಗೆಯುತ್ತಾ ಕೇಳುತ್ತಿದ್ದರು, ನಡುವೆ ಏನೂ ಹೇಳಲಿಲ್ಲ. 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧದ ಭಾಗ ಮುಗಿದಾಗ ನಿಲ್ಲಿಸಲು ಹೇಳಿದರು. ಆ ಹದಿನಾಲ್ಕು ರಾತ್ರಿಯೂ ನೆರೆಮನೆಯ ಮುದುಕಿಯೊಬ್ಬರು, ಯಾರೂ ಕರೆಯದೆ, ಚಾಪೆ ಹಿಡಿದುಕೊಂಡು ಬಂದು ಇದೇ ಜಗಲಿಯಲ್ಲಿ ಮಲಗಿ ಬೆಳಗಾಗುವ ಮೊದಲು ಎದ್ದು ಹೋಗುತ್ತಿದ್ದರಂತೆ. ಆಮೇಲೆ ಜನವರಿಯಲ್ಲಿ ಮನಿಯಾರ್ಡರ್ ಬಂದ ದಿನದಿಂದ ಬರುವುದನ್ನು ನಿಲ್ಲಿಸಿದರಂತೆ. ಅವರ ಹೆಸರನ್ನು ಬರೆ ಎಂದರು. ಆ ಹೆಸರು ಈಗ ಪುಸ್ತಕದ ಬಲಪುಟದಲ್ಲಿ, ಪಶ್ಚಿಮಿ ಸ್ಟಾರಿನ ಚಿತ್ರಕ್ಕೆ ಎದುರಾಗಿ ಅಚ್ಚಾಗಿದೆ.